ಅಪ್‌ಡೇಟ್: ಮಾರಿಯೋ ಟೇಪಿನ ಗೆರೆ ಕೊನೆಗೂ ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, 1986ರ ಜಪಾನಿ ಮಾರಿಯೋ ಕಾರ್ಟೂನ್ ಸಿನಿಮಾದ ವಿಎಚ್ಎಸ್ ಟೇಪ್ ಕಂಪ್ಯೂಟರಿಗೆ ಇಳಿಸಿದ್ದೇನೆ, ಯಾರಾದರೂ ಓಡಿದರೆ ಸಾಕು ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತವೆ ಅಂತ. ಸರಿಹೋಯ್ತು.

ವಿಸಿಆರ್‌ನ ಹೆಡ್ (ಟೇಪ್ ಓದುವ ಭಾಗ) ಒರೆಸಿ ಅಂದಿದ್ರಿ. ಬಾಗಲಕೋಟೆ ನವನಗರದಲ್ಲಿ ಟಿವಿ ರಿಪೇರಿ ಮಾಡುವ ಕಾಕಾ ಒರೆಸಿಕೊಟ್ಟರು, "ಈ ಕಾಲದಾಗ ಇದನ್ನ್ಯಾರು ನೋಡ್ತಾರಪಾ" ಅಂತ ನಕ್ಕರು ಬೇರೆ. ಚಿತ್ರ ತಿಳಿಯಾಯ್ತು, ಗೆರೆ ಹಾಗೇ ಇತ್ತು. ಡಿಇಂಟರ್ಲೇಸ್ (ಒಂದು ಫ್ರೇಮಿನಲ್ಲಿ ಸಾಲುಬಿಟ್ಟು ಸಾಲು ಹೆಣೆದ ಎರಡು ಅರ್ಧ ಚಿತ್ರಗಳ ಗೆರೆ ಅಳಿಸುವುದು) ಮಾಡಿದರೆ ಗೆರೆ ಹೋಯ್ತು, ಜೊತೆಗೆ ಮಾರಿಯೋ ಮೀಸೆಯ ಅಂಚೂ ಕರಗಿ ಮಸಿ ಬಳಿದ ಹಾಗಾಯ್ತು.

ಕೆಲಸಕ್ಕೆ ಬಂದದ್ದು "ಒಂದೊಂದೇ ಫ್ರೇಮ್ ಸರಿಸಿ ನೋಡಿ" ಅಂದವರ ಮಾತು. ಮೂರು ಫ್ರೇಮ್ ಚೊಕ್ಕ, ಎರಡು ಹರಕು, ಮತ್ತೆ ಮೂರು ಚೊಕ್ಕ! ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯ ಟಿವಿಗೆ ಸುಮಾರು 30 ಬೇಕು, ಅದಕ್ಕೆ ನಾಲ್ಕು ಫ್ರೇಮನ್ನು ಅರ್ಧರ್ಧ ಸೀಳಿ ಹೆಣೆದು ಐದು ಮಾಡಿದ್ದಾರೆ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರಿನಲ್ಲಿ ಮೊದಲು ಫೀಲ್ಡ್‌ಮ್ಯಾಚ್ (ಸೀಳಿದ ಅರ್ಧಗಳನ್ನು ಅದರದರ ಜೋಡಿಗೆ ಸೇರಿಸುತ್ತದೆ), ಆಮೇಲೆ ಡೆಸಿಮೇಟ್ (ಐದರಲ್ಲಿ ಮರುಕಳಿಸಿದ ಒಂದು ಫ್ರೇಮ್ ತೆಗೆಯುತ್ತದೆ) ಹಾಕಿದೆ. ಮೂಲ ಫ್ರೇಮುಗಳೇ ವಾಪಸ್ ಬಂದವು, ಮೀಸೆ ಸಮೇತ. ಕ್ರಮ ತಿರುಗಾಮುರುಗಾ ಮಾಡಬೇಡಿ, ನಾನು ಮಾಡಿ ಒಂದು ರಾತ್ರಿ ಕಳೆದುಕೊಂಡೆ.

ತಮಾಷೆ ಏನಂದ್ರೆ, 2022ರಲ್ಲೇ ಅಭಿಮಾನಿಗಳು ಫಿಲ್ಮ್ ರೀಲನ್ನೇ ಸ್ಕ್ಯಾನ್ ಮಾಡಿ 4ಕೆ ಪ್ರತಿ ಸಿದ್ಧಪಡಿಸಿದ್ದಾರಂತೆ. ನನಗೆ ಗೊತ್ತಾಗಿದ್ದು ಮೊನ್ನೆ! ಇರಲಿ, ಬಣ್ಣ ಇನ್ನೂ ಸ್ವಲ್ಪ ಕೆಂಪಗಿದೆ, ಭಾನುವಾರ ಅದಕ್ಕೆ ಕೈ ಹಾಕುತ್ತೇನೆ.