ಸಹಾಯ ಬೇಕು: 'ಶಾಂತಲಾ' ಹೆಸರಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ತಮ್ಮನ ಮಗಳ ನಾಮಕರಣ ಮುಂದಿನ ತಿಂಗಳಿದೆ. ನನ್ನ ಮನಸ್ಸು ಪೂರ್ತಿ 'ಶಾಂತಲಾ' ಕಡೆಗಿದೆ. ತಮ್ಮನ ಹೆಂಡತಿಗೆ ಮಾತ್ರ ಅದು ಹಳೇ ಕಾಲದ ಹೆಸರು ಅನ್ನಿಸುತ್ತಿದೆ. ಗೊತ್ತಿರುವವರು ದಯವಿಟ್ಟು ಎರಡು ಮಾತು ತಿಳಿಸಿ.

ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲದೇವಿ ಎಲ್ಲರಿಗೂ ಗೊತ್ತು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಗುಡಿ ಆಕೆ ಕಟ್ಟಿಸಿದ್ದು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ 1123ರ ಸವತಿಗಂಧವಾರಣ ಬಸದಿಯೂ ಆಕೆಯದೇ, ಅಲ್ಲಿರುವುದು ಶಾಂತಿನಾಥ ತೀರ್ಥಂಕರ. ತಂದೆ ಶೈವ, ತಾಯಿ ಜೈನ, ಗಂಡ ವೈಷ್ಣವ. ಇಂಥ ಮನೆಯ ಹೆಣ್ಣಿನ ಹೆಸರು ನಮ್ಮ ಮಗುವಿಗೆ ಬಂದರೆ ನನಗಂತೂ ಹೆಮ್ಮೆ.

ನನ್ನ ಮುಖ್ಯ ಪ್ರಶ್ನೆ ಇದು. ಆ ಕಾಲದ ರಾಣಿಯರ ಹೆಸರು ನೋಡಿ: ಏಚಲದೇವಿ, ಬಮ್ಮಲದೇವಿ, ಪದ್ಮಲದೇವಿ. ಎಲ್ಲದರಲ್ಲೂ ಆ 'ಲ' ಇದೆ. ಹಾಗಾದರೆ ಶಾಂತಲಾ ಅನ್ನುವುದು 'ಶಾಂತ'ಕ್ಕೆ ಕನ್ನಡದವರೇ ಪ್ರೀತಿಯಿಂದ ಸೇರಿಸಿಕೊಂಡ ರೂಪವೇ? ಶಾಸನ ಓದಿದವರು, ಹಳಗನ್ನಡ ಬಲ್ಲವರು ಹೇಳಿ.

ಇನ್ನೊಂದು, ನಿಮ್ಮ ಮನೆಯಲ್ಲಿ ಶಾಂತಲಾ ಇದ್ದಾರಾ? ಯಾವ ಊರು, ಸುಮಾರು ಯಾವ ದಶಕದಲ್ಲಿ ಹುಟ್ಟಿದವರು? ಹಾಸನ, ಮೈಸೂರು ಕಡೆ ಮಾತ್ರವಾ, ಉತ್ತರ ಕರ್ನಾಟಕ, ಕರಾವಳಿಯಲ್ಲೂ ಇಡುತ್ತಾರಾ? ಈಚೆಗೆ ಹುಟ್ಟಿದ ಮಕ್ಕಳಿಗೆ ಯಾರಾದರೂ ಇಟ್ಟಿದ್ದರೆ ಖಂಡಿತ ಬರೆಯಿರಿ, ತಮ್ಮನ ಹೆಂಡತಿಗೆ ಅದನ್ನೇ ಮೊದಲು ತೋರಿಸಬೇಕು. 'ಶಾಂತಲೆ' ಅಂತಲೇ ದಾಖಲೆಯಲ್ಲಿ ಬರೆಸಿದವರಿದ್ದರೂ ತಿಳಿಸಿ.