ಅಪ್‌ಡೇಟ್: ತಾತನ ನೆನಪುಗಳನ್ನು ಸೇರಿಸುವ ಕೆಲಸ ಎಲ್ಲಿಗೆ ಬಂತು

ತೀರಿಕೊಂಡ ನಮ್ಮ ತಾತನ ಬದುಕನ್ನು ಮನೆಯ ಮಕ್ಕಳಿಗಾಗಿ ಹೇಗೆ ಬರೆದಿಡಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

'ತಾತ ಹೇಗಿದ್ರು ಅಂತ ಸುಮ್ನೆ ಕೇಳಬೇಡಿ, ಫೋಟೊ ಮುಂದಿಟ್ಟು ಕೇಳಿ' ಅಂದಿದ್ದಿರಿ ಅಲ್ವಾ, ಅದೇ ಕೆಲಸಕ್ಕೆ ಬಂತು. ಅಜ್ಜಿ ಮೊದಲೆಲ್ಲ 'ಒಳ್ಳೆಯವರು' ಅಂತಷ್ಟೇ ಹೇಳಿ ಸುಮ್ಮನಾಗುತ್ತಿದ್ದರು. ಒಂದು ಹಳೇ ಕಪ್ಪು-ಬಿಳುಪು ಫೋಟೊ ಕೈಗೆ ಕೊಟ್ಟೆ ನೋಡಿ, ತಮ್ಮಂದಿರು ಓದಲಿ ಅಂತ ತಾತ ತಮ್ಮ ಓದು ಬಿಟ್ಟಿದ್ದು, ಆಮೇಲೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ತಮ್ಮಂದಿರ ಪುಸ್ತಕಗಳನ್ನೇ ತೆಗೆದು ಓದುತ್ತಿದ್ದದ್ದು, ಯಾರಿಗೂ ಹೇಳಬೇಡ ಅಂದಿದ್ದು, ಎಲ್ಲಾ ಒಂದೇ ಉಸಿರಿಗೆ ಬಂತು. ಅಪ್ಪನಿಗೂ ಇದು ಗೊತ್ತಿರಲಿಲ್ಲ. ಅಜ್ಜಿಯ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೇನೆ.

ಚಿಕ್ಕ ಫೋಟೊಗಳನ್ನು 600 ಡಿಪಿಐನಲ್ಲಿ (ಅಂದರೆ ಒಂದು ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದೆ, ದೊಡ್ಡದು ಮಾಡಿದರೂ ಮುಖ ಚೆನ್ನಾಗಿ ಕಾಣುತ್ತದೆ. ಆಲ್ಬಮ್ಮಿಗೆ ಅಂಟಿಕೊಂಡವನ್ನು ಎಳೆಯಲಿಲ್ಲ, ಹಾಳೆ ಸಮೇತ ಸ್ಕ್ಯಾನ್ ಮಾಡಿದೆ. ಹೆಸರುಗಳನ್ನು ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲ್‌ನಲ್ಲೇ ಬರೆದೆ, ಪೆನ್ನಿನ ಶಾಯಿ ಮುಂದಕ್ಕೆ ಇಳಿಯಬಹುದು. ಒಂದು ಪ್ರತಿ ಚಿಕ್ಕಪ್ಪನ ಮನೆಯಲ್ಲೂ ಇದೆ.

ತಾತನ ಸಿಟ್ಟನ್ನೂ ಬರೆಯಬೇಕಾ ಅಂತ ಅತ್ತೆಗೆ ಅನುಮಾನ. ನಾನಂತೂ ಬರೆಯುತ್ತಿದ್ದೇನೆ, ಅದನ್ನು ಬಿಟ್ಟರೆ ಅವರು ನಮ್ಮ ತಾತನೇ ಅಲ್ಲ ಅನಿಸುತ್ತದೆ. ಇನ್ನು ಅವರ ಹಳೇ ಗೆಳೆಯರನ್ನು ಮಾತಾಡಿಸುವುದು ಬಾಕಿ ಇದೆ.