ಪಾಪ, ರಕ್ಷಣೆ: ಇವುಗಳ ಜೊತೆ ಯಾವ ಕ್ರಿಯಾಪದ?

ಗೆಳೆಯರಿಗೆ ನಮಸ್ಕಾರ.

ಚರ್ಚಿನ ಯುವಜನರಿಗೆಂದು ಒಂದು ಚಿಕ್ಕ ಉಪದೇಶ ಪುಸ್ತಕ ಕನ್ನಡಕ್ಕೆ ಬರುತ್ತಿದೆ. ಅದರ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಿದ್ದಿದೆ. ದೇವರ ಮುಂದೆ ಮನುಷ್ಯನ ಸ್ಥಿತಿ ಏನು, ಅದರಿಂದ ಅವನು ಹೊರಗೆ ಬರುವುದು ಹೇಗೆ ಅನ್ನುವುದೇ ಪುಸ್ತಕದ ವಿಷಯ. ಅನುವಾದಕರು ಒಂದು ಪದಪಟ್ಟಿ ಕಳಿಸಿ, ಸರಿಯಿದೆಯಾ ನೋಡಿ ಅಂದಿದ್ದಾರೆ. ಪಾಪ, ಜನ್ಮಪಾಪ, ರಕ್ಷಣೆ, ವಿಮೋಚನೆ, ಕೃಪೆ, ನೀತಿ, ಹೀಗೆ ಪಟ್ಟಿ ತುಂಬಾ ಬರೀ ನಾಮಪದಗಳು. ಒಂದೊಂದಾಗಿ ನೋಡಿದರೆ ಯಾವುದರಲ್ಲೂ ತಕರಾರಿಲ್ಲ. ಆದರೆ ವಾಕ್ಯದಲ್ಲಿ ಕೂಡಿಸಿದ ಕೂಡಲೇ ಎಡವಟ್ಟು ಶುರು. ನನ್ನ ಅನುಮಾನ ಇಷ್ಟು: ಅರ್ಥ ಕೆಡುತ್ತಿರುವುದು ಹೆಸರಿನ ಕಡೆಯಿಂದಲ್ಲ, ಅದಕ್ಕೆ ಅಂಟುವ ಕ್ರಿಯಾಪದದ ಕಡೆಯಿಂದ. ನಿಮಗೂ ಹಾಗೇ ಅನ್ನಿಸುತ್ತದಾ?

ಮೊದಲು ಪಾಪ. ನಾವು ದಿನಾ ಅದನ್ನು ಯಾವ ಯಾವ ಕ್ರಿಯೆ ಜೊತೆ ಆಡುತ್ತೇವೆ ನೋಡಿ. ಪಾಪ ಮಾಡುತ್ತೇವೆ, ಕಟ್ಟಿಕೊಳ್ಳುತ್ತೇವೆ. ಅದು ನಮ್ಮನ್ನು ಸುತ್ತಿಕೊಳ್ಳುತ್ತದೆ, ತಟ್ಟುತ್ತದೆ. ಆಮೇಲೆ ಅದನ್ನು ತೊಳೆದುಕೊಳ್ಳುತ್ತೇವೆ, ಕಳೆದುಕೊಳ್ಳುತ್ತೇವೆ. ಅದಕ್ಕೆ ಕೊಡವೂ ಉಂಟು, ಆ ಕೊಡ ಒಂದು ದಿನ ತುಂಬುತ್ತದೆ. ಅಂದರೆ ಕನ್ನಡದ ಪಾಪ ಒಂದು ಗಳಿಕೆ. ಸೇರುತ್ತದೆ, ಹೆಚ್ಚುತ್ತದೆ, ಪುಣ್ಯ ಮಾಡಿದರೆ ಕರಗುತ್ತದೆ. ಲೆಕ್ಕ ಇಡಬಹುದಾದ ವಸ್ತು.

ಬೈಬಲಿನಲ್ಲಿ ಈ ಅರ್ಥ ಇಲ್ಲ ಅಂತಲ್ಲ. ಪಾಪ ಮಾಡುವುದು, ತೊಳೆಯುವುದು ಅಲ್ಲೂ ಧಾರಾಳವಾಗಿ ಇದೆ. ಆದರೆ ಉಪದೇಶದ ತಿರುಳು ಇರುವುದು ಬೇರೆ ಕ್ರಿಯಾಪದಗಳಲ್ಲಿ. ಆದಾಮ ಹವ್ವ ಹಣ್ಣು ತಿಂದ ಕತೆ ಬರುವ ಆದಿಕಾಂಡದ 3ನೇ ಅಧ್ಯಾಯದಲ್ಲಿ ಪಾಪ ಅನ್ನುವ ಪದವೇ ಇಲ್ಲ. ಹೀಬ್ರೂ ಮೂಲದಲ್ಲಿ ಅದು ಮೊದಲು ಬರುವುದು 4ನೇ ಅಧ್ಯಾಯದಲ್ಲಿ, ದೇವರು ಆದಾಮನ ಹಿರಿಮಗ ಕಾಯಿನನಿಗೆ ಆಡುವ ಮಾತಿನಲ್ಲಿ. ಪಾಪ ಬಾಗಿಲಲ್ಲೇ ಹೊಂಚು ಹಾಕಿ ಕೂತಿದೆ, ಅದಕ್ಕೆ ನೀನು ಬೇಕು, ನೀನು ಅದನ್ನು ಆಳಬೇಕು ಅಂತ. ಕಾಯಿನ ಇನ್ನೂ ತಮ್ಮನನ್ನು ಕೊಂದಿಲ್ಲ. ಮಾಡುವ ಮುಂಚೆಯೇ ಪಾಪ ಬಂದು ಕೂತಿದೆ! ಅಲ್ಲಿನ ಕ್ರಿಯೆ ಮೃಗ ಮುದುರಿಕೊಂಡು ಮಲಗುವುದಕ್ಕೆ ಬಳಸುವಂಥದು. ಇದನ್ನು ಕೊಡದಲ್ಲಿ ತುಂಬಲಾಗುವುದಿಲ್ಲ.

ಪೌಲನ ರೋಮಾಪುರದವರ ಪತ್ರಿಕೆಗೆ (ಆದಿ ಕ್ರೈಸ್ತ ಬೋಧಕ ಪೌಲ ರೋಮಿನ ಕ್ರೈಸ್ತರಿಗೆ ಬರೆದ ಕಾಗದ) ಬಂದರೆ ಇದು ಇನ್ನೂ ಜೋರು. ಅಲ್ಲಿ ಪಾಪ ಹೆಚ್ಚಾಗಿ ಏಕವಚನ, ಒಬ್ಬ ಯಜಮಾನನ ಹಾಗೆ. ಅದು ಆಳುತ್ತದೆ. ಮನುಷ್ಯ ಅದಕ್ಕೆ ದಾಸ. ಅದರ ಕೈಗೆ ಮಾರಲ್ಪಟ್ಟವನು. ಕೊನೆಗೆ ಅದು ಸಂಬಳವನ್ನೂ ಕೊಡುತ್ತದೆ, ಆ ಸಂಬಳವೇ ಮರಣ. 6ನೇ ಅಧ್ಯಾಯದ ಕೊನೆಯ ಆ ವಚನ ಎಷ್ಟೋ ಗೋಡೆಗಳ ಮೇಲೆ, ಗಾಡಿಗಳ ಹಿಂದೆ ಕಾಣುತ್ತದೆ. ಅಲ್ಲಿ 'ಸಂಬಳ' ಅಂತ ಹಾಕಿದವರಿಗೆ ಒಂದು ಕೈ ಮುಗಿಯಬೇಕು. ಗ್ರೀಕಿನಲ್ಲಿರುವುದು ಒಪ್ಸೋನಿಯೋನ್. ಸಿಪಾಯಿಗೆ ಕೊಡುವ ಪಡಿ ಅಂತ ಶುರುವಾಗಿ ಪಗಾರ ಅನ್ನುವ ಅರ್ಥಕ್ಕೆ ಬಂದ ಪದ. ನಮ್ಮ ಸಂಬಳ ಬಂದ ದಾರಿಯೂ ಅದೇ. ಸಂಸ್ಕೃತದ ಶಂಬಲ ಅಂದರೆ ದಾರಿಯ ಬುತ್ತಿ. ಬುತ್ತಿಯಿಂದ ಕೂಲಿ, ಕೂಲಿಯಿಂದ ತಿಂಗಳ ಪಗಾರ. ಅನುವಾದಕರು ಇದನ್ನೆಲ್ಲ ಯೋಚಿಸಿ ಹಾಕಿದರೋ, ಸುಮ್ನೆ ಬಾಯಿಗೆ ಬಂದಿದ್ದನ್ನು ಹಾಕಿದರೋ, ಕೂತಿದ್ದು ಮಾತ್ರ ಚೆನ್ನಾಗಿ ಕೂತಿದೆ. 'ಫಲ' ಅಂತಲೋ 'ಪ್ರತಿಫಲ' ಅಂತಲೋ ಹಾಕಿದ್ದರೆ ಕರ್ಮಫಲದ ವಾಸನೆ ಬರುತ್ತಿತ್ತು, ಯಜಮಾನ ಮಾಯವಾಗುತ್ತಿದ್ದ.

ಈಗ ನಮ್ಮ ಕರಡಿನ ಒಂದು ವಾಕ್ಯ: "ಎಲ್ಲರೂ ಪಾಪ ಮಾಡಿದ್ದಾರೆ, ಆದ್ದರಿಂದ ಎಲ್ಲರೂ ಪಾಪಿಗಳು." ವ್ಯಾಕರಣ ಸರಿ. ಆದರೆ ಪುಸ್ತಕ ಹೇಳಹೊರಟಿರುವುದು ತಿರುಗುಮುರುಗು. ಮನುಷ್ಯ ಪಾಪದ ಹಿಡಿತದಲ್ಲಿ ಇದ್ದಾನೆ, ಹಾಗಾಗಿ ಪಾಪಗಳನ್ನು ಮಾಡುತ್ತಾನೆ ಅಂತ. ನಾನು 'ಪಾಪದಲ್ಲಿದ್ದಾನೆ', 'ಪಾಪದ ಹಿಡಿತದಲ್ಲಿದ್ದಾನೆ', 'ಪಾಪದ ಅಧೀನ' ಮೂರನ್ನೂ ಬರೆದು ನೋಡಿದೆ. ಮೊದಲನೆಯದು ಯಾಕೋ ಸಪ್ಪೆ. ಮೂರನೆಯದು ಹಳೇ ಪುಸ್ತಕದ ಮಾತು. ಸದ್ಯಕ್ಕೆ 'ಹಿಡಿತ'ಕ್ಕೆ ನನ್ನ ಓಟು.

ಇನ್ನೊಂದು ತೊಡಕು ನಮ್ಮ 'ಅಯ್ಯೋ ಪಾಪ'. ಒಂದೇ ಪದ ತಪ್ಪಿಗೂ ಮರುಕಕ್ಕೂ. ಕರಾವಳಿಯಲ್ಲಿ 'ಪಾಪದವನು' ಅಂದರೆ ಬಡವ, ಸಾಧು, ಯಾರ ತಂಟೆಗೂ ಹೋಗದವನು. ಬೈಬಲಿನ ಒಂದು ಹಳೆಯ ಇಂಗ್ಲಿಷ್ ಅನುವಾದದಲ್ಲಿ ಕ್ರಿಸ್ತವಿರೋಧಿಗೆ ಒಂದು ಬಿರುದಿದೆ. ಅದನ್ನು ಪದಕ್ಕೆ ಪದ ಇಳಿಸಿದರೆ 'ಪಾಪದ ಮನುಷ್ಯ' ಆಗುತ್ತದೆ. ಮಂಗಳೂರಿನವರು ಓದಿದರೆ, ಛೇ, ಯಾರೋ ಪಾಪದವರು ಇರಬೇಕು ಅಂದಾರು. ಒಳನಾಡಿನ ಗಾದೆಯಲ್ಲೂ ಪಾಪಿ ಅಂದರೆ ಕೆಟ್ಟವನೇ ಆಗಬೇಕಿಲ್ಲ. 'ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು' ಅನ್ನುವಾಗ ಪಾಪಿ ಅದೃಷ್ಟಗೇಡಿ ಅಷ್ಟೇ. ಇದನ್ನು ತೊಡಕು ಅಂದೆನಾದರೂ ನನಗೆ ಇದು ಒಳಗೊಳಗೇ ಇಷ್ಟ. ಸುವಾರ್ತೆಗಳಲ್ಲಿ ಯೇಸು ಪಾಪಿಗಳ ಜೊತೆ ಊಟಕ್ಕೆ ಕೂರುವಾಗ, ರೋಗಿಗಳಿಗೇ ವೈದ್ಯ ಬೇಕಾಗುವುದು ಅನ್ನುವಾಗ, ಆ ಪದದಲ್ಲಿ ತಪ್ಪಿನ ಜೊತೆ ಮರುಕವೂ ಕೇಳಿಸುವುದು ಕನ್ನಡದ ಭಾಗ್ಯ. ಕೊಂಕಣಿ ಕ್ಯಾಥೊಲಿಕರು ಆಡುವ 'ಪಾತಕ್' ಪದದಲ್ಲಿ ಇದು ಸಿಗುವುದಿಲ್ಲ. ಅದು ಕೆಳಕ್ಕೆ ಬೀಳಿಸುವಂಥದು ಅನ್ನುವ ಮೂಲದಿಂದ ಬಂದ ಗಟ್ಟಿ ಪದ.

ಚರ್ಚಿನ ಪ್ರಸಂಗಗಳಲ್ಲಿ ಪದೇ ಪದೇ ಕೇಳುವ ಒಂದು ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಪಾಪಕ್ಕೆ ಗ್ರೀಕಿನಲ್ಲಿ ಹಮಾರ್ತಿಯಾ ಅನ್ನುತ್ತಾರೆ, ಅದರರ್ಥ ಬಾಣ ಗುರಿ ತಪ್ಪುವುದು ಅಂತ. ಹೀಬ್ರೂ ಪದಕ್ಕೂ ಆ ಬೇರು ಉಂಟು, ನಿಜ. ನ್ಯಾಯಸ್ಥಾಪಕರ ಪುಸ್ತಕದ 20ನೇ ಅಧ್ಯಾಯದಲ್ಲಿ ಬೆನ್ಯಾಮೀನ್ ಕುಲದ 700 ಮಂದಿ ಎಡಚರು ಕೂದಲೆಳೆಯನ್ನೂ ತಪ್ಪದೆ ಕವಣೆ ಬೀಸುತ್ತಿದ್ದರು ಅಂತ ಬರುತ್ತದಲ್ಲ, ಅಲ್ಲಿ 'ತಪ್ಪದೆ' ಅನ್ನುವುದು ಅದೇ ಧಾತು. ಆದರೆ ಪೌಲನ ಕಾಲದಲ್ಲಿ ಆ ಪದ ಆಡಿದವರ ಕಣ್ಣ ಮುಂದೆ ಬಿಲ್ಲು ಬಾಣ ಬರುತ್ತಿತ್ತು ಅಂತ ನಾನು ನಂಬಲಾರೆ. ಅಷ್ಟಕ್ಕೂ ಗ್ರೀಕಿನವರೆಗೆ ಯಾಕೆ ಹೋಗಬೇಕು? ನಮ್ಮ 'ತಪ್ಪು' ಇದೆಯಲ್ಲ. ಗುರಿ ತಪ್ಪುತ್ತದೆ, ದಾರಿ ತಪ್ಪುತ್ತದೆ, ಬಸ್ಸು ತಪ್ಪುತ್ತದೆ, ಮಾತಿಗೆ ತಪ್ಪುತ್ತೇವೆ. ಹೆಸರಾಗಿ ನಿಂತರೆ ಅದೇ ಅಪರಾಧ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಹಳೆಯ ಪ್ರಾಟೆಸ್ಟೆಂಟ್ ಪಾಠದಲ್ಲಿ 'ನಮ್ಮ ತಪ್ಪುಗಳನ್ನು ಕ್ಷಮಿಸು' ಅಂತಲೇ ಇದೆ. ಮುಂದಿನ ಸಾಲಿನಲ್ಲಿ 'ಕೇಡಿನಿಂದ ನಮ್ಮನ್ನು ತಪ್ಪಿಸು'. ಒಂದೇ ಧಾತು ರೋಗಕ್ಕೂ ಮದ್ದಿಗೂ! ಮತ್ತಾಯನ ಸುವಾರ್ತೆಯ ಗ್ರೀಕಿನಲ್ಲಿ 'ತಪ್ಪುಗಳ' ಜಾಗದಲ್ಲಿರುವುದು 'ಸಾಲಗಳು', ಲೂಕನಲ್ಲಿ 'ಪಾಪಗಳು'. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ ಇತ್ತು. ತೊಂದರೆ ಏನಂದರೆ 'ತಪ್ಪು' ಹಗುರ. "ತಪ್ಪಾಯ್ತು ಬಿಡಿ" ಅಂದರೆ ಮುಗಿಯಿತು. ಹಾಗಾಗಿ ಎಲ್ಲ ಕಡೆ ಪಾಪವನ್ನು ತೆಗೆದು ತಪ್ಪನ್ನು ಕೂರಿಸಲು ಆಗುವುದಿಲ್ಲ.

'ಜನ್ಮಪಾಪ'ಕ್ಕೆ (ಆದಾಮನಿಂದ ಮನುಷ್ಯರಿಗೆಲ್ಲ ಬಂತು ಅನ್ನುವ ಪಾಪ) ನನ್ನ ವಿರೋಧ ಇದೆ. ಕ್ಯಾಥೊಲಿಕ್ ಬರಹಗಳಲ್ಲಿ ಬಳಕೆಯಲ್ಲಿದೆ, ಗೊತ್ತು. ಆದರೆ ಚರ್ಚಿನ ಹೊರಗಿನವರ ಕಿವಿಗೆ ಅದು 'ಯಾವ ಜನ್ಮದ ಪಾಪವೋ' ಅಂತಲೇ ಕೇಳುತ್ತದೆ. ಇಲ್ಲವಾದರೆ ಹುಟ್ಟುವುದೇ ಒಂದು ಪಾಪ ಅನ್ನುವ ಹಾಗೆ. ಎರಡೂ ಉದ್ದೇಶವಲ್ಲ. ಈ ಉಪದೇಶಕ್ಕೆ ಗಟ್ಟಿ ರೂಪ ಕೊಟ್ಟವನು ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಅಗಸ್ಟಿನ್ (354–430). ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಅನ್ನುತ್ತಿದ್ದ ಪೆಲಾಜಿಯಸ್‌ನ ಎದುರು ಅವನು ವಾದಕ್ಕೆ ನಿಂತ. ಕ್ರಿ.ಶ. 418ರಲ್ಲಿ ಕಾರ್ಥೇಜಿನ ಸಭೆ ಪೆಲಾಜಿಯಸ್‌ನ ಮತವನ್ನು ತಳ್ಳಿಹಾಕಿತು. ತಮಾಷೆ ಅಂದರೆ ಇಲ್ಲೂ ಒಂದು ಪುಟ್ಟ ಪದದ ಜಗಳ ಇದೆ. ರೋಮಾಪುರದ ಪತ್ರಿಕೆ 5ನೇ ಅಧ್ಯಾಯದ 12ನೇ ವಚನವನ್ನು ಅಗಸ್ಟಿನ್ ಲ್ಯಾಟಿನಿನಲ್ಲಿ 'ಅವನಲ್ಲಿ (ಅಂದರೆ ಆದಾಮನಲ್ಲಿ) ಎಲ್ಲರೂ ಪಾಪ ಮಾಡಿದರು' ಅಂತ ಓದಿಕೊಂಡ. ಗ್ರೀಕನ್ನು ಇವತ್ತು ಹೆಚ್ಚಿನವರು 'ಎಲ್ಲರೂ ಪಾಪ ಮಾಡಿದ್ದರಿಂದ' ಅಂತ ಓದುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಆದಾಮನಿಂದ ನಮಗೆ ಬಂದದ್ದು ಸಾವು ಮತ್ತು ಕೆಟ್ಟ ಒಲವು, ಅವನ ಅಪರಾಧದ ಹೊಣೆ ನಮಗೆ ಬರುವುದಿಲ್ಲ ಅನ್ನುತ್ತವೆ. ಇಷ್ಟೆಲ್ಲ ಭಾರ ಹೊರಬೇಕಾದ ಪದಕ್ಕೆ 'ಜನ್ಮ' ಯಾಕೆ? 'ಮೂಲಪಾಪ' ಸಾಕಲ್ವಾ? 'ಆದಿಪಾಪ' ಅಂದರೆ ಮೊದಲು ನಡೆದ ಒಂದು ಘಟನೆ ಅಂತ ಆಗುತ್ತದೆ. ಮೂಲ ಅಂದರೆ ಬೇರು ಕೂಡ ಹೌದು.

ಇನ್ನು ರಕ್ಷಣೆ. ಚರ್ಚಿನ ಹೊರಗೆ ಇದು ರಕ್ಷಣಾ ಸಚಿವರ ರಕ್ಷಣೆ, ಕೊಳವೆಬಾವಿಗೆ ಬಿದ್ದ ಮಗುವಿನ ರಕ್ಷಣೆ, ಪೊಲೀಸ್ ರಕ್ಷಣೆ. ಚರ್ಚಿನ ಒಳಗೆ 'ರಕ್ಷಣೆ ಹೊಂದಿದೆ' ಅನ್ನುತ್ತಾರೆ. ಆ 'ಹೊಂದು' ಇದೆಯಲ್ಲ, ಅದೇ ಗುರುತು. ರಕ್ಷಣೆ ಪಡೆದೆ ಅಂದರೆ ಠಾಣೆಗೆ ಅರ್ಜಿ ಕೊಟ್ಟ ಹಾಗೆ, ರಕ್ಷಣೆ ಹೊಂದಿದೆ ಅಂದರೆ ಚರ್ಚಿನಲ್ಲಿ ನಂಬಿಕೆಯ ಸಾಕ್ಷಿ ಹೇಳಿದ ಹಾಗೆ. ಇದಕ್ಕಿಂತ ಚೆನ್ನಾದದ್ದು ಮತ್ತಾಯನ ಮೊದಲ ಅಧ್ಯಾಯದ ಹಳೆಯ ಅನುವಾದದಲ್ಲಿದೆ. ಯೇಸು ಅನ್ನುವ ಹೆಸರು ಯಾಕೆ ಇಡಬೇಕು ಅಂದರೆ ಆತನು ಜನರನ್ನು ಪಾಪಗಳಿಂದ 'ಬಿಡಿಸಿ ಕಾಯುವನು'. ಗ್ರೀಕಿನಲ್ಲಿ ಒಂದೇ ಕ್ರಿಯಾಪದ. ಕನ್ನಡದಲ್ಲಿ ಬಿಡಿಸುವುದೂ ಬೇಕು, ಬಿಡಿಸಿದ ಮೇಲೆ ಕಾಯುವುದೂ ಬೇಕು ಅನ್ನಿಸಿದೆ ಅವರಿಗೆ. ಬರೀ ಬಿಡಿಸಿದರೆ ಅರ್ಧ, ಬರೀ ಕಾದರೆ ಅರ್ಧ. 'ಮೋಕ್ಷ'ವನ್ನು ಇಲ್ಲಿ ತರಬಾರದು ಅಂತ ನನ್ನ ಅಭಿಪ್ರಾಯ. ಅದು ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ. ಇಲ್ಲಿ ಮತ್ತೆ ಹುಟ್ಟುವ ಮಾತೇ ಇಲ್ಲ.

ಆ ಗ್ರೀಕ್ ಕ್ರಿಯಾಪದದ (ಸೋಜೋ) ಇನ್ನೊಂದು ಆಟ ನೋಡಿ. ಮಾರ್ಕನ 5ನೇ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸು ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಲೂಕನ 7ನೇ ಅಧ್ಯಾಯದಲ್ಲಿ ಊರೇ ಪಾಪಿಯೆಂದು ಕರೆಯುತ್ತಿದ್ದ ಹೆಂಗಸು ಅವನ ಪಾದಕ್ಕೆ ಸುಗಂಧತೈಲ ಹಚ್ಚುತ್ತಾಳೆ. ಇಬ್ಬರಿಗೂ ಅವನು ಹೇಳುವ ವಾಕ್ಯ ಗ್ರೀಕಿನಲ್ಲಿ ಅಕ್ಷರ ಅಕ್ಷರ ಒಂದೇ. ಕನ್ನಡದಲ್ಲಿ ಮೊದಲನೆಯವಳ ನಂಬಿಕೆ ಅವಳನ್ನು ಸ್ವಸ್ಥ ಮಾಡುತ್ತದೆ, ಎರಡನೆಯವಳ ನಂಬಿಕೆ ಅವಳನ್ನು ರಕ್ಷಿಸುತ್ತದೆ. ಒಬ್ಬಳಿಗೆ ಮೈ, ಇನ್ನೊಬ್ಬಳಿಗೆ ಆತ್ಮ ಅಂತ ಹಂಚಿಬಿಟ್ಟ ಹಾಗೆ. ಎರಡಕ್ಕೂ ಒಪ್ಪುವ ಕನ್ನಡ ಕ್ರಿಯಾಪದ ಇದೆಯಾ? 'ಉಳಿಸಿತು' ಅಂದರೆ ಹೇಗೆ? "ನಿನ್ನ ನಂಬಿಕೆ ನಿನ್ನನ್ನು ಉಳಿಸಿತು." ಡಾಕ್ಟರೂ ಉಳಿಸುತ್ತಾರೆ, ದೇವರೂ ಉಳಿಸುತ್ತಾನೆ. ಆದರೆ "ನೀವು ಉಳಿದಿದ್ದೀರಾ?" ಅಂತ ಕೇಳಿದರೆ ಯಾವ ಲಾಡ್ಜಿನಲ್ಲಿ ಅಂತ ತಿರುಗಿ ಕೇಳುತ್ತಾರೆ. 'ಪಾರು ಮಾಡು' ಹಾಡುಗಳಲ್ಲಿ ಸೊಗಸು. ಗದ್ಯದಲ್ಲಿ ಪಾರಾದ ಅಂದರೆ ಅಪಘಾತದಿಂದ ಕೂದಲೆಳೆ ಅಂತರದಲ್ಲಿ ಪಾರಾದ ಅನ್ನುವ ಪತ್ರಿಕೆ ಸುದ್ದಿಯ ಧಾಟಿ.

ವಿಮೋಚನೆಗೆ ಬದಲು ಹಳೆಯವರ ಇನ್ನೊಂದು ಮಾತನ್ನು ಮತ್ತೆ ತರಬೇಕು ಅಂತ ನನ್ನ ಆಸೆ: 'ಈಡು'. ಮಾರ್ಕನ 10ನೇ ಅಧ್ಯಾಯದಲ್ಲಿ ಯೇಸು ಅನೇಕರನ್ನು ಬಿಡಿಸಿಕೊಳ್ಳಲು ತನ್ನ ಪ್ರಾಣವನ್ನೇ ಈಡು ಕೊಡುವುದಕ್ಕೆ ಬಂದೆ ಅನ್ನುತ್ತಾನೆ. ಯುವಜನರಿಗೆ ಈಡು ಗೊತ್ತಾಗಲ್ಲ ಅಂತ ಅನುವಾದಕರು 'ವಿಮೋಚನಾ ಕ್ರಯಧನ' ಅಂತ ಹಾಕಿದ್ದಾರೆ. ಇದು ಯಾರಿಗೆ ಗೊತ್ತಾಗುತ್ತದೋ ನಾ ಕಾಣೆ. ಸಹಕಾರಿ ಸಂಘದ ಬೋರ್ಡಿನ ಮೇಲೆ ಇವತ್ತಿಗೂ 'ಚಿನ್ನಾಭರಣ ಈಡಿನ ಸಾಲ' ಅಂತ ಇರುತ್ತದಲ್ಲ.

ಕೃಪೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೇ ಆಕ್ಷೇಪ. ಕರಡಿನಲ್ಲಿ ಅದನ್ನು ಎಸ್ಸೆಸ್ಸೆಲ್ಸಿಯ ಕೃಪಾಂಕಕ್ಕೆ ಹೋಲಿಸಿ ಬರೆದಿದ್ದಾರೆ. ಮಕ್ಕಳಿಗೆ ಹತ್ತಿರದ ಮಾತು, ಒಪ್ಪೋಣ. ಆದರೆ ಕೃಪಾಂಕ ಸಿಗುವುದು ದಡದ ಹತ್ತಿರ ಬಂದವನಿಗೆ. ಎಫೆಸದವರ ಪತ್ರಿಕೆ 2ನೇ ಅಧ್ಯಾಯದಲ್ಲಿ ಕೃಪೆ ಸಿಗುವವರು ಪಾಪಗಳಲ್ಲಿ 'ಸತ್ತವರು'. ಸತ್ತವನು ಎಷ್ಟು ಅಂಕ ತೆಗೆದಿರುತ್ತಾನೆ? 'ಪ್ರಾಯಶ್ಚಿತ್ತ'ಕ್ಕೂ ಇದೇ ತರಹದ ತೊಂದರೆ. ನಮ್ಮ ಬಳಕೆಯಲ್ಲಿ ತಪ್ಪು ಮಾಡಿದವನೇ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾನೆ. ಆ 'ಕೊಳ್ಳು' ಬಿಟ್ಟು, ಇನ್ನೊಬ್ಬನು ನಮಗಾಗಿ ಪ್ರಾಯಶ್ಚಿತ್ತ 'ಆದನು' ಅಂತ ಬರೆದರೆ ಮಾತ್ರ ಉಪದೇಶ ಸರಿಯಾಗಿ ಬರುತ್ತದೆ. ಒಂದು ಸಹಾಯಕ ಕ್ರಿಯಾಪದದ ಮೇಲೆ ಇಡೀ ದೇವಶಾಸ್ತ್ರ ನಿಂತಿದೆ.

ಹಾಗಾಗಿ ನನಗೆ ಬೇಕಾದ ಸಹಾಯ ಇದು. ನಿಮ್ಮ ಕಡೆ ಸಭೆಗಳಲ್ಲಿ, ಮನೆಗಳಲ್ಲಿ 'ರಕ್ಷಣೆ' ಜೊತೆ ಯಾವ ಕ್ರಿಯಾಪದ ಆಡುತ್ತಾರೆ? ಹೊಂದು, ಆಗು, ಸಿಗು, ಬೇರೆ ಏನಾದರೂ? ಧಾರವಾಡ, ಗದಗ, ಬೀದರ್ ಕಡೆಯವರು ಹೇಳಿದರೆ ಇನ್ನೂ ಒಳ್ಳೆಯದು. ನನ್ನ ಕಿವಿ ಪೂರ್ತಿ ದಕ್ಷಿಣದ್ದು. 'ಮೂಲಪಾಪ'ಕ್ಕೆ ಹಳೆಯ ಪ್ರಯೋಗ ಎಲ್ಲಾದರೂ ಕಂಡಿದ್ದರೆ ತಿಳಿಸಿ. 'ಪಾಪದವನು' ಅನ್ನುವ ಮರುಕದ ಅರ್ಥ ಕರಾವಳಿ ಬಿಟ್ಟು ಮಲೆನಾಡಿನಲ್ಲಿ ಎಲ್ಲಿವರೆಗೆ ಹಬ್ಬಿದೆ ಅನ್ನುವುದೂ ಗೊತ್ತಾಗಬೇಕು. ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅಷ್ಟರೊಳಗೆ ಬಂದ ಸಲಹೆಗಳನ್ನು ಅನುವಾದಕರ ಮುಂದಿಡುತ್ತೇನೆ. 'ಕ್ರಯಧನ'ವನ್ನು ಮಾತ್ರ ನಾನು ಈಗಲೇ ಹೊಡೆದುಹಾಕಿದ್ದೇನೆ.